ಅಟ್ಟದಲ್ಲಿ ಬಿಡುವ ಗೇಣು

ನಮ್ಮೂರಲ್ಲಿ ಸತ್ತವರು ಅಟ್ಟದ ಕಾವಿನಲ್ಲಿ ಉಳಿಯುತ್ತಾರೆ. ತಂಪಿಗೆಂದು ಮಾಡಿನ ತಗಡಿನ ಕೆಳಗೆ ಫಾಯಿಲ್ ಹಾಳೆ ಹೊಡೆಸುವಾಗ ಅವರಿಗಾಗಿ ಒಂದು ಗೇಣು ಜಾಗ ಮುಚ್ಚದೆ ಬಿಡುವುದು ಪದ್ಧತಿ. ನಮ್ಮ ಯಜಮಾನರು ಹನ್ನೊಂದು ವರ್ಷದಿಂದ ಅಲ್ಲಿದ್ದರು. ಆದರೆ ಈ ಬೇಸಿಗೆಯ ಸೆಕೆಗೆ ಮೊಮ್ಮಗಳ ಕೂಸು ಎರಡು ದಿನದಿಂದ ಹಾಲು ಮುಟ್ಟಿರಲಿಲ್ಲ.

ಹಾಳೆ ಹೊಡೆಯುವ ಖಾಜಾಸಾಬ ಅಟ್ಟದಿಂದ ಕೇಳಿದ, "ಅಜ್ಜಾರು ದಪ್ಪ ಇದ್ರು. ಎರಡು ಗೇಣು ಬಿಡ್ಲೇನ್ರಿ ಅವ್ವಾ?"

"ಏನೂ ಬಿಡಬ್ಯಾಡಪಾ. ಪೂರಾ ಮುಚ್ಚು."

ಸುತ್ತಿಗೆಯ ಸದ್ದು ನಿಂತಿತು. "ನನ್ನ ಬೆನ್ನಿಗೇ ಅದಾರ್ರಿ. ಕೇಳಿಸ್ಕೊಂಡ್ರು."

"ಕೇಳಿಸ್ಕೊಳ್ಳಲಿ."

ಸಂಜೆಗೆ ಮನೆ ತಣ್ಣಗಾಯಿತು. ಕೂಸು ಹಾಲು ಕುಡಿದು ಮಲಗಿತು. ಮುಟ್ಟಿ ನೋಡಿದೆ. ಮೈಯೆಲ್ಲ ತಂಪು, ಎಡ ಅಂಗೈ ಮಾತ್ರ ಯಾರೋ ಹಿಡಿದಂತೆ ಸುಡುತ್ತಿತ್ತು.

ಪಕ್ಕದಲ್ಲಿ ಕುಳಿತು ಕೈ ಚಾಚಿದೆ. "ಅದನ್ನ ಬಿಡ್ರಿ. ನನ್ನ ಕೈ ಹಿಡೀರಿ" ಅಂದೆ.

ಸ್ವಲ್ಪ ಹೊತ್ತಿಗೆ ಕೂಸಿನ ಅಂಗೈ ತಣ್ಣಗಾಯಿತು.