ಎದುರು ಮೇಜು

ಕಚೇರಿಯ ಮಂದಿಯೆಲ್ಲ ಒಂದೇ ಫೈಲಿನಲ್ಲಿ ಒಟ್ಟಿಗೆ ಬರೆಯಬಹುದಾದ ಆ್ಯಪ್ ಒಂದನ್ನು ಸಿಂಚನಾ ಗಂಡನ ಜೊತೆ ಸೇರಿ ಕಟ್ಟಿದ್ದಳು. ಹೆಚ್ಚು ಜನ ಕೊಳ್ಳಲಿಲ್ಲ. ಅದನ್ನು ಬೇರೆ ಕೆಲಸಕ್ಕೆ ಬರುವಂತೆ ಬದಲಿಸಿ, ಇಲ್ಲವೇ ಕಂಪನಿಯ ಬಾಗಿಲು ಹಾಕಿ ಎಂದು ಹೂಡಿಕೆದಾರರು ಪಟ್ಟು ಹಿಡಿದರು. ಒಂದು ಟೈಲ್ಸ್ ಅಂಗಡಿ ಮಾತ್ರ ಅದನ್ನು ದಿನವಿಡೀ ಬಳಸುತ್ತಿತ್ತು. ಕಾರಣ ತಿಳಿಯಲು ಅವಳೇ ಹೋದಳು.

"ಮಾಲೀಕರು ಅಣ್ಣ ತಮ್ಮ. ಎದುರುಬದುರೇ ಕೂರ್ತಾರೆ, ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು," ಎಂದ ಮ್ಯಾನೇಜರು, ದನಿ ತಗ್ಗಿಸಿ. "ಏನಿದ್ರೂ ನಿಮ್ಮ ಆ್ಯಪಲ್ಲೇ ಮೇಡಂ."

"ಅಯ್ಯೋ, ಹೀಗೂ ಇರ್ತಾರಾ?"

"ರೂಢಿಯಾಗ್ಬಿಟ್ಟಿದೆ."

ಮರುಕಪಡುತ್ತಲೇ ಹಿಂತಿರುಗಿದ ಸಿಂಚನಾ ತನ್ನ ಕುರ್ಚಿಯಲ್ಲಿ ಕುಳಿತಳು. ಪರದೆಯ ಮೇಲೆ ಗಂಡನ ಸಾಲು ಮೂಡಿತು: "ಏನಂದ್ರು?"

ಎದುರು ಮೇಜಿನಲ್ಲೇ ಕೂತಿದ್ದ ಅವನತ್ತ ತಲೆಯೆತ್ತಿ ನೋಡದೆ ಅವಳು ಟೈಪ್ ಮಾಡಿದಳು: "ವಿಶೇಷ ಏನಿಲ್ಲ."