ಹಾಳೆಯ ಮೇಲೆ ಅಮ್ಮ

ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಎ, ಎಂ, ಎಂ, ಎ ಎಂದು ಬರೆದು, ಏಳು ವರ್ಷದ ಇಶಾ ಹಾಳೆಯ ಕೆಳತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕಾದಳು. ಟ್ಯಾಬ್‌ನಲ್ಲಿ ಕೆಳಗಿನ ಸ್ಪೇಸ್ ಬಾರನ್ನು ಹಾಗೆ ಒತ್ತಿದರೆ ಆ ಅಕ್ಷರಗಳು ಕನ್ನಡದ ‘ಅಮ್ಮ’ ಆಗುತ್ತಿದ್ದವು. ಇವತ್ತು ಟ್ಯಾಬ್‌ನ ಚಾರ್ಜ್ ಮುಗಿದಿತ್ತು.

“ಆಂಟಿ, ಇಟ್ಸ್ ನಾಟ್ ಚೇಂಜಿಂಗ್,” ಎಂದಳು.

ಪಾಠ ಹೇಳುತ್ತಿದ್ದ ಊರ್ಮಿಳಾ ನಗಲು ನೋಡಿದಳು, ಆಗಲಿಲ್ಲ. ಅಮೆರಿಕದ ಕಮ್ಮಿಂಗ್ ಊರಿನ ಈ ಭಾನುವಾರದ ಕನ್ನಡ ತರಗತಿಗೆ ಟ್ಯಾಬ್ ತಂದವಳು ಅವಳೇ. ಮಕ್ಕಳು ಈಗ ಒಂದೂ ತಪ್ಪಿಲ್ಲದೆ ಕನ್ನಡ ಬರೆಯುತ್ತಾರೆ ಎಂದು ಅಪ್ಪ ಅಮ್ಮಂದಿರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಶಾಳ ಅಪ್ಪ ಯೋಗೇಶ ಆಗಲೇ ಬಾಗಿಲಲ್ಲಿ ನಿಂತಿದ್ದ.

“ಮೇಡಂ, ನೆಕ್ಸ್ಟ್ ವೀಕಿಂದ ಇವಳು ಎರಡನೇ ಲೆವೆಲ್ ತಾನೆ? ನಮ್ಮಮ್ಮಂಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಿ.”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಬೆಳಗಿನಿಂದ ನಿಂತು ಊರ್ಮಿಳಾಳ ಕಾಲುಗಳು ಸೋತಿದ್ದವು. ಇಶಾಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತಳು. ಮಗುವಿನ ಬೆರಳುಗಳ ನಡುವೆ ಪೆನ್ಸಿಲ್ ಸರಿಮಾಡಿ, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಇಲ್ಲ ಯೋಗೇಶ್,” ಎಂದಳು. “ನಾವು ಇವತ್ತು ‘ಅ’ ಶುರು ಮಾಡ್ತಾ ಇದೀವಿ.”