ಬಹುವಚನ

“ಬಚ್ಚಲಲ್ಲಿ ಯಾರು?” ಎಂದು ಕಟ್ಟಡದ ಮೇಲ್ವಿಚಾರಕಿ ಕೇಳಿದಳು. ಬಾಗಿಲು ದಾಟಿ ಇನ್ನೂ ಎರಡು ಹೆಜ್ಜೆ ಇಟ್ಟಿರಲಿಲ್ಲ.

“ಅವರು,” ಎಂದಳು ಮನೆಯಾಕೆ.

“ಅವರು ಅಂದ್ರೆ? ಎಷ್ಟು ಜನ?”

ಮತ್ತೆ ಅದೇ ಎಡವಟ್ಟು ಆಯಿತೆಂದು ಮನೆಯಾಕೆಗೆ ಹೊಳೆಯಿತು. ಈ ದೇಶಕ್ಕೆ ಬಂದು ಹನ್ನೊಂದು ತಿಂಗಳು. ಇಲ್ಲಿಯ ಭಾಷೆ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ತಲೆಯಲ್ಲಿ ಕನ್ನಡದಲ್ಲಿ ಕಟ್ಟಿದ್ದನ್ನೇ ಪದಕ್ಕೆ ಪದ ಇಟ್ಟು ಆಡುತ್ತಿದ್ದಳು. ಹೋದ ವಾರ ಕೆಳಗಿನ ಮನೆಯ ಹೆಂಗಸಿನ ಹತ್ತಿರ ಲಿಫ್ಟಿನಲ್ಲಿ ಕಷ್ಟಸುಖ ಹೇಳಿಕೊಂಡದ್ದೇ ತಪ್ಪಾಯಿತು. ‘ಅವರು ನನ್ನನ್ನು ಕೂರೋಕೆ ಬಿಡಲ್ಲ, ಅವರಿಗೆ ಎಲ್ಲ ಕೈಗೇ ಬರಬೇಕು’ ಎಂದಿದ್ದಳು. ಮೇಲಿನ ಮನೆಯಲ್ಲಿ ದೊಡ್ಡ ದಂಡೇ ಇದೆಯೆಂದು ಆ ಪುಣ್ಯಾತ್ಗಿತ್ತಿ ನೇರವಾಗಿ ಹೋಗಿ ದೂರು ಕೊಟ್ಟಳು.

ಬಾಡಿಗೆ ಕರಾರಿನಲ್ಲಿ ಇರುವುದು ಮೂವರು. ಗಂಡ, ಹೆಂಡತಿ, ಒಂದು ಮಗು. ಒಂದು ತಲೆ ಹೆಚ್ಚಾದರೂ ಮನೆ ಖಾಲಿ ಮಾಡಬೇಕು. ಈ ಎರಡು ಕೋಣೆ ಸಿಗುವಷ್ಟರಲ್ಲೇ ಸಾಕೋಸಾಕಾಗಿತ್ತು. ಮತ್ತೆ ಮನೆ ಹುಡುಕುತ್ತಾ ಅಲೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

“ಒಬ್ಬರೇ,” ಎಂದಳು. “ನಮ್ಮ ಭಾಷೇಲಿ ದೊಡ್ಡವರು ಒಬ್ಬರೇ ಇದ್ರೂ ಬಹುವಚನ. ಮರ್ಯಾದೆಗೆ.”

“ಗಂಡನಿಗೂ?”

“ಗಂಡನಿಗೂ.”

ಮೇಲ್ವಿಚಾರಕಿ ಮೊದಲ ಸಲ ನಕ್ಕಳು. “ನನ್ನ ಗಂಡನಿಗೆ ನಾನು ಏಕವಚನವೇ ಹೆಚ್ಚಾಯ್ತು ಅಂತೀನಿ. ಕೆಲಸದಿಂದ ಬಂದು ಸ್ನಾನವಾ?”

“ಸ್ನಾನಕ್ಕೆ ಕೂತ್ರೆ ಅವರಿಗೆ ಒಂದು ಗಂಟೆ ಬೇಕು.”

ಅದು ಅಪ್ಪಟ ನಿಜ. ನೀರು ಕೈ ಸುಡುವಷ್ಟು ಕಾದಿರಬೇಕು, ಬೆನ್ನು ಇವಳೇ ಉಜ್ಜಬೇಕು. ಬೆಳಿಗ್ಗೆ ಆರಕ್ಕೆ ಡಬ್ಬಿ ಕಟ್ಟುವುದರಿಂದ ಶುರುವಾದರೆ ಇವಳ ದಿನಕ್ಕೆ ಕೊನೆಯೆಂಬುದಿಲ್ಲ. ಮಗಳ ಹಿಂದೆ ಓಡಬೇಕು. ಮಧ್ಯಾಹ್ನ ಅವರ ಅನ್ನ ಮೆತ್ತಗಿರಬೇಕು, ಮಗಳದ್ದು ಬಿಡಿಬಿಡಿಯಾಗಿರಬೇಕು. ತಿಂದ ತಟ್ಟೆ ಇದ್ದಲ್ಲೇ. ಖಾರ ಚೂರು ಹೆಚ್ಚಾದರೆ ಅವರ ಮುಖ ಊದುತ್ತದೆ, ಕೇಳಿದರೆ ‘ಏನೂ ಇಲ್ಲ’. ಸಂಜೆ ಮಂಡಿಗೆ ಎಣ್ಣೆ ತಿಕ್ಕಬೇಕು. ಊರಲ್ಲಿದ್ದಾಗ ಇದೇ ಕೈ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುತ್ತಿತ್ತು. ಇಲ್ಲಿ ಅದನ್ನು ಕೇಳುವವರಿಲ್ಲ. ಒಮ್ಮೊಮ್ಮೆ ಅವಳಿಗೆ ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿ ಎರಡು ದಿನ ಸುಮ್ಮನೆ ಮಲಗಬೇಕು ಅನ್ನಿಸುತ್ತಿತ್ತು. ಹೋದ ತಿಂಗಳು ಇವಳು ಜ್ವರ ಬಂದು ಬಿದ್ದಾಗ ಮೂರು ದಿನ ಪಕ್ಕದಲ್ಲೇ ಕೂತು ತಲೆ ಒತ್ತಿದವರೂ ಅವರೇ.

ಮೇಲ್ವಿಚಾರಕಿ ಅಡುಗೆಮನೆ ನೋಡಿದಳು, ಮಲಗುವ ಕೋಣೆ ನೋಡಿದಳು. ಹಾಲಿಗೆ ಬಂದು ಮೂಲೆಯಲ್ಲಿದ್ದ ಹಾಸಿಗೆಯ ಮುಂದೆ ನಿಂತಳು.

“ಇಲ್ಲಿ ಯಾರು ಮಲಗ್ತಾರೆ?”

“ಅವರೇ. ನನಗೆ ನಿದ್ದೆ ಕೆಡುತ್ತೆ ಅಂತ.”

“ಗೊರಕೆಯಾ?”

“ಕೇಳಬೇಡಿ.”

“ಎಲ್ಲರ ಮನೇಲೂ ಅದೇ ಕಥೆ,” ಎಂದು ಮೇಲ್ವಿಚಾರಕಿ ಹಾಳೆಯಲ್ಲಿ ಏನೋ ಗೀಚಿದಳು. ಸೋಫಾದ ಹಿಂದಿನಿಂದ ಪುಟ್ಟಿ ಇಣುಕಿತು. “ನಿಮ್ಮ ಮನೇಲಿ ಎಷ್ಟು ಜನ, ಮರಿ?”

ಪುಟ್ಟಿ ಮೂರು ಬೆರಳು ಎತ್ತಿ ತೋರಿಸಿತು. ಇಲ್ಲಿಯ ಭಾಷೆಯಲ್ಲಿ ಯಾರು ಏನು ಕೇಳಿದರೂ ಅದು ತೋರಿಸುವುದು ಮೂರೇ ಬೆರಳು, ಏಕೆಂದರೆ ಎಲ್ಲರೂ ಕೇಳುವುದು ವಯಸ್ಸನ್ನೇ. ಮೇಲ್ವಿಚಾರಕಿಗೆ ಅದು ಗೊತ್ತಿರಲಿಲ್ಲ. ಇವಳೂ ಹೇಳಲಿಲ್ಲ.

“ನೋಡಿ,” ಎಂದಳು ಮೇಲ್ವಿಚಾರಕಿ, ದನಿ ತಗ್ಗಿಸಿ. “ನಾನೇನು ಕೆಟ್ಟವಳಲ್ಲ. ಹೆಚ್ಚಿನವರು ಯಾರಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಎಂಟು ದಿನದಲ್ಲಿ ಅವರನ್ನ ಕಳಿಸಿದ್ರೆ ಮನೆ ನಿಮ್ಮದೇ. ನಾಳೆ ನಾನೇ ಹಿಡಿದ್ರೆ ಎಲ್ಲರೂ ಹೊರಡಬೇಕಾಗುತ್ತೆ.”

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

ಮನೆಯಾಕೆ ಬಚ್ಚಲ ಬಾಗಿಲ ಕಡೆ ನೋಡಿದಳು. ದಣಿದಾಗ ಅವಳಿಗೆ ಮಾತು ತಡ, ಅದರಲ್ಲೂ ಬೇರೆ ಭಾಷೆಯಲ್ಲಿ. ಬೆಳಗಿನಿಂದ ಸೊಂಟ ಸೆಳೆಯುತ್ತಿತ್ತು. ಕಣ್ಣಲ್ಲಿ ನೀರೂರಿತು. ಅದನ್ನು ನೋಡಿ ಮೇಲ್ವಿಚಾರಕಿಗೇ ಕಸಿವಿಸಿಯಾಯಿತು.

“ನಮ್ಮನೇಲಿ ಹೆಚ್ಚಿನವರು ಅನ್ನೋರು ಯಾರೂ ಇಲ್ಲ,” ಎಂದಳು ಕೊನೆಗೆ.

“ಹಾಗಾದ್ರೆ ಸರಿ. ಒಂದು ಸಲ ಬಚ್ಚಲು ನೋಡಿಬಿಟ್ರೆ...”

ಒಳಗಿನಿಂದ ಒರಟು ಕೆಮ್ಮು ಕೇಳಿಸಿತು. ಮೇಲ್ವಿಚಾರಕಿಯ ಕೆನ್ನೆ ಕೆಂಪಾಯಿತು. “ಬೇಡ ಬೇಡ. ಪಾಪ, ನೆಮ್ಮದಿಯಾಗಿ ಸ್ನಾನ ಮಾಡಲಿ.” ಪಟ್ಟಿಯಲ್ಲಿ ಗಂಡ, ಹೆಂಡತಿ, ಮಗು ಎಂಬ ಮೂರಕ್ಕೂ ಗುರುತು ಹಾಕಿ ಇವಳ ಸಹಿ ತೆಗೆದುಕೊಂಡಳು. ಹೊರಡುವಾಗ ಭುಜ ತಟ್ಟಿದಳು. “ನಿಮ್ಮ ಯಜಮಾನರಿಗೆ ಹೇಳಿ, ಬಹುವಚನ ಬೇಕಾದವರು ಮನೆಕೆಲಸಕ್ಕೂ ಸ್ವಲ್ಪ ಕೈ ಹಾಕಬೇಕು ಅಂತ.”

ಮನೆಯಾಕೆ ಚಿಲಕ ಹಾಕಿದಳು. ಲಿಫ್ಟ್ ಕೆಳಗಿಳಿದ ಸದ್ದು ಕೇಳುವ ತನಕ ಬಾಗಿಲಿಗೆ ಒರಗಿ ನಿಂತಳು. ಇನ್ನೂ ಎಷ್ಟು ದಿನ ಹೀಗೆ ಎಂದು ಅವಳಿಗೆ ತಿಳಿಯದು. ಹೋಗಿ ಬಚ್ಚಲ ಬಾಗಿಲು ಮೆಲ್ಲಗೆ ತಟ್ಟಿದಳು.

“ಹೋದಳು, ಇನ್ನು ಹೊರಗೆ ಬನ್ನಿ. ನಿಮ್ಮ ಮಗ ಆಫೀಸಿಂದ ಬರೋ ಹೊತ್ತಾಯ್ತು, ಅತ್ತೆ.”